ಎಲೆಯಿಲ್ಲದ ಹೂವು: ಬೇಣದ ಹುಲ್ಲಿನ ಬುಡದಲ್ಲಿ ಅರಳುವ ಏಜಿನೇಷಿಯಾ

ಚೌತಿಗೆ ಇನ್ನೂ ನಾಲ್ಕು ದಿನ ಇತ್ತು. ಫಲಾವಳಿಗೆ ಕಟ್ಟಲು ಕಾಡಿನ ಕಾಯಿ, ಹೂವು ಹುಡುಕುತ್ತ ನಮ್ಮ ಮನೆಯ ಹುಡುಗರು ಬೇಣ, ಅಂದರೆ ಹುಲ್ಲು ಬೆಳೆಯುವ ಗುಡ್ಡ, ಹತ್ತಿದ್ದರು. ಬರುವಾಗ ಮೊಬೈಲಿನಲ್ಲಿ ಒಂದು ಫೋಟೊ ತಂದರು. ಹುಲ್ಲಿನ ಬುಡದಲ್ಲಿ, ಮಣ್ಣಿನಿಂದ ನೇರವಾಗಿ ಎದ್ದ ಕೆಂಪು ಕಡ್ಡಿ. ಅದರ ತುದಿಯಲ್ಲಿ ತಲೆ ತಗ್ಗಿಸಿದ ಗುಲಾಬಿ ಬಣ್ಣದ ಒಂದೇ ಒಂದು ಹೂವು. ಎಲೆ ಇಲ್ಲ. ಎಲ್ಲಿಯೂ ಒಂದು ಚೂರು ಹಸಿರಿಲ್ಲ.

ದೊಡ್ಡಪ್ಪ ಕನ್ನಡಕ ಏರಿಸಿ ನೋಡಿದರು. "ಇದೆಂತದ ತಮಾ, ಅಣಬೆಯೋ ಹೂಗೋ?" ಎಂದರು.

ಫೋಟೊ ಸಂಜೆಯೊಳಗೆ ಮನೆಯವರ ವಾಟ್ಸಾಪ್ ಗುಂಪಿಗೆ ಹೋಯಿತು. ರಾತ್ರಿಯ ಹೊತ್ತಿಗೆ ಉತ್ತರಗಳು ಬಂದವು. ಅಣಬೆ ಅಂದರು ಒಬ್ಬರು. ಬಂದಳಿಕೆ ಅಂದರು ಇನ್ನೊಬ್ಬರು. ಇದು ಬೇರು ತಿನ್ನುವ ಕಳೆ, ಗದ್ದೆಗೆ ಇಳಿದರೆ ಬೆಳೆ ಹೋಯಿತು, ಕಂಡಲ್ಲಿ ಕಿತ್ತು ಸುಡಿ ಅಂದರು ಮೂರನೆಯವರು. ಮರುದಿನ ಬೆಳಗ್ಗೆ ಒಬ್ಬರು ಕತ್ತಿ ಹಿಡಿದು ಹೊರಟೇ ಬಿಟ್ಟಿದ್ದರು. ಸ್ವಲ್ಪ ತಡೆಯಿರಿ ಎಂದು ನಿಲ್ಲಿಸಿದೆ. ಅವತ್ತು ಅವರಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಮಳೆಗಾಲದ ಕೊನೆಯಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಬೇಣಗಳಲ್ಲೋ ಕುಮಟಾ, ಅಂಕೋಲಾ, ಕಾರವಾರದ ಗುಡ್ಡದ ಹುಲ್ಲಿನಲ್ಲೋ ನಿಮಗೂ ಇಂಥದ್ದು ಕಂಡೀತು.

ಇದರ ಹೆಸರು ಏಜಿನೇಷಿಯಾ. ಇದು ಅಣಬೆ ಅಲ್ಲ, ಹೂ ಬಿಟ್ಟು ಬೀಜ ಕಟ್ಟುವ ನಿಜವಾದ ಗಿಡ. ಊಟವನ್ನು ಮಾತ್ರ ತಾನು ಮಾಡಿಕೊಳ್ಳುವುದಿಲ್ಲ. ಪಕ್ಕದ ಹುಲ್ಲಿನ ಬೇರಿನಿಂದ ತೆಗೆದುಕೊಳ್ಳುತ್ತದೆ.

ಎಲೆ ಎಂಬ ಅಡುಗೆಮನೆ

ಎಲೆ ಇಲ್ಲದಿರುವುದು ಯಾಕೆ ಅಷ್ಟು ದೊಡ್ಡ ಸಂಗತಿ ಎಂದು ತಿಳಿಯಬೇಕಾದರೆ ಎಲೆಯ ಕೆಲಸ ಗೊತ್ತಿರಬೇಕು.

ಗಿಡಕ್ಕೆ ಎಲೆಯೇ ಅಡುಗೆಮನೆ. ಬೇರು ಮಣ್ಣಿನಿಂದ ನೀರನ್ನೂ ಉಪ್ಪಿನಂಶಗಳನ್ನೂ ತರುತ್ತದೆ. ಎಲೆ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ತೆಗೆದುಕೊಳ್ಳುತ್ತದೆ. ಬಿಸಿಲು ಒಲೆಯ ಬೆಂಕಿ. ಎಲೆಯಲ್ಲಿರುವ ಹಸಿರು ಬಣ್ಣ, ಅಂದರೆ ಪತ್ರಹರಿತ್ತು, ಆ ಬಿಸಿಲನ್ನು ಹಿಡಿಯುತ್ತದೆ. ಹೀಗೆ ತಯಾರಾಗುವ ಅಡುಗೆ ಸಕ್ಕರೆ. ಗಿಡದ ಕಾಂಡ, ಬೇರು, ಹೂವು, ಕಾಯಿ ಎಲ್ಲ ಬೆಳೆಯುವುದು ಈ ಸಕ್ಕರೆಯಿಂದಲೇ.

ಗಿಡದ ಒಳಗೆ ಎರಡು ಬಗೆಯ ಕೊಳವೆಗಳಿವೆ. ಒಂದು ನೀರಿನ ಕೊಳವೆ, ಬೇರಿನಿಂದ ಮೇಲಕ್ಕೆ ಹೋಗುತ್ತದೆ. ಇನ್ನೊಂದು ಊಟದ ಕೊಳವೆ, ಎಲೆಯಲ್ಲಿ ಆದ ಸಕ್ಕರೆಯನ್ನು ಬೇಕಾದ ಕಡೆಗೆಲ್ಲ ಒಯ್ಯುತ್ತದೆ. ಈ ಎರಡು ಕೊಳವೆಗಳನ್ನು ನೆನಪಿಟ್ಟುಕೊಳ್ಳಿ. ಮುಂದಿನ ಕತೆಯೆಲ್ಲ ಇವುಗಳದ್ದೇ.

ಪತ್ರಹರಿತ್ತು ಇಲ್ಲ ಎಂದರೆ ಒಲೆ ಇಲ್ಲ. ಒಲೆ ಇಲ್ಲದ ಮನೆಯವರು ಬದುಕಬೇಕಾದರೆ ಬೇರೆ ಕಡೆಯಿಂದ ಊಟ ಬರಲೇಬೇಕು.

ಬಂದಳಿಕೆ, ಸೀತಾಳೆದಂಡೆ, ಅಣಬೆ: ಮೂರೂ ಬೇರೆ ಬೇರೆ

ನಮ್ಮಲ್ಲಿ ಇನ್ನೊಂದು ಗಿಡದ ಮೇಲೆ ಬೆಳೆದದ್ದಕ್ಕೆಲ್ಲ ಬಂದಳಿಕೆ ಎಂದುಬಿಡುವ ರೂಢಿ ಇದೆ. ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಸೀತಾಳೆದಂಡೆ ಮರದ ಮೇಲೆ ಕೂತಿರುತ್ತದೆ. ಮರದಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ. ಮಳೆಯ ನೀರು, ತೊಗಟೆಯ ಸಂದಿಯ ಕಸ, ತನ್ನದೇ ಹಸಿರು ಎಲೆ, ಇಷ್ಟು ಅದಕ್ಕೆ ಸಾಕು. ಜಗಲಿಯಲ್ಲಿ ಕೂತು ಹೋಗುವ ನೆಂಟರ ಹಾಗೆ. ಅದು ಪರಾವಲಂಬಿ ಅಲ್ಲ.

ಬಂದಳಿಕೆಯ ಬಗೆ ಬೇರೆ. ಅದರ ಬೇರು ಮಾವಿನ ಕೊಂಬೆಯೊಳಗೆ ಇಳಿದು ನೀರಿನ ಕೊಳವೆಗೆ ಬಾಯಿ ಹಾಕಿರುತ್ತದೆ. ಆದರೆ ಅದಕ್ಕೂ ದಪ್ಪ ಹಸಿರು ಎಲೆಗಳಿವೆ, ಅಲ್ವಾ? ಅಂದರೆ ಪಕ್ಕದ ಮನೆಯ ಬಾವಿಯಿಂದ ನೀರು ಸೇದಿ ತಂದು ತನ್ನ ಒಲೆಯಲ್ಲಿ ತಾನೇ ಅಡುಗೆ ಮಾಡಿಕೊಳ್ಳುತ್ತದೆ. ಇಂಥದ್ದಕ್ಕೆ ಅರ್ಧ ಪರಾವಲಂಬಿ ಎನ್ನುತ್ತಾರೆ.

ಏಜಿನೇಷಿಯಾ ಹಾಗಲ್ಲ. ಅದಕ್ಕೆ ಒಲೆಯೇ ಇಲ್ಲ. ನೀರಿನ ಕೊಳವೆಯಿಂದ ನೀರು, ಊಟದ ಕೊಳವೆಯಿಂದ ತಯಾರಾದ ಸಕ್ಕರೆ, ಎರಡನ್ನೂ ಹುಲ್ಲಿನಿಂದಲೇ ಪಡೆಯುತ್ತದೆ. ಇದು ಪೂರ್ಣ ಪರಾವಲಂಬಿ. ಯಾವ ಗಿಡದಿಂದ ಊಟ ಬರುತ್ತದೋ ಅದನ್ನು ಆಶ್ರಯ ಗಿಡ ಎನ್ನೋಣ.

ಇನ್ನು ಅಣಬೆ. ಅದು ಗಿಡವೇ ಅಲ್ಲ. ನಮ್ಮ ಕಾಡಿನ ಎಷ್ಟೋ ಅಣಬೆಗಳು ಕೊಳೆಯುವ ದರಕು (ಉದುರಿದ ಒಣ ಎಲೆ), ಕಟ್ಟಿಗೆಯಿಂದ ಆಹಾರ ಪಡೆಯುತ್ತವೆ. ಅಣಬೆಗೆ ಹೂವಿಲ್ಲ, ಬೀಜವಿಲ್ಲ. ದೊಡ್ಡಪ್ಪನ ಸಂಶಯ ಮಾತ್ರ ತಪ್ಪೇನಲ್ಲ. ಅವರಿಗಿಂತ ಮುನ್ನೂರು ವರ್ಷ ಮೊದಲೇ ಇದೇ ಸಂಶಯ ಒಂದು ಹೆಸರಿನಲ್ಲಿ ಉಳಿದುಕೊಂಡಿದೆ.

ಕೆಂಪಣಬೆಯಿಂದ ಏಜಿನೇಷಿಯಾದವರೆಗೆ

ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡೆ ಮಲಬಾರಿನ ಗಿಡಮರಗಳ ಬಗ್ಗೆ 12 ಸಂಪುಟಗಳ ದೊಡ್ಡ ಗ್ರಂಥ ಮಾಡಿಸಿದ. 'ಹೊರ್ಟುಸ್ ಮಲಬಾರಿಕುಸ್' ಎಂಬ ಆ ಗ್ರಂಥ 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಗಿಡಗಳ ಬಗ್ಗೆ ತಿಳಿಸಿದವರು ಇಲ್ಲಿಯವರೇ. ಇಟ್ಟಿ ಅಚ್ಯುತನ್ ಎಂಬ ವೈದ್ಯರು, ಜೊತೆಗೆ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರು. ಈ ಮೂವರು ನಾಗರಿ ಲಿಪಿಯಲ್ಲಿ ಕೊಂಕಣಿಯಲ್ಲೇ ಬರೆದುಕೊಟ್ಟ ಒಂದು ಪತ್ರ ಮೊದಲ ಸಂಪುಟದಲ್ಲಿ ಅಚ್ಚಾಗಿದೆ. ಕಾರವಾರದ ಕಡೆಯ ಕೊಂಕಣಿ ಓದುಗರಿಗೆ ಇದನ್ನು ಹೇಳಲು ನನಗೆ ನಿಜವಾಗಿ ಖುಷಿಯಾಗುತ್ತದೆ.

ಆ ಗ್ರಂಥದ 11ನೆಯ ಸಂಪುಟದಲ್ಲಿ ನಮ್ಮ ಹೂವಿನ ಚಿತ್ರವಿದೆ. ಅಲ್ಲಿ ಕೊಟ್ಟ ಹೆಸರು 'ಚೆಂ ಕುಮುಳು'. ಮಲಯಾಳದಲ್ಲಿ ಚೆಂ ಎಂದರೆ ಕೆಂಪು, ಕುಮಿಳ್ ಎಂದರೆ ಅಣಬೆ. ಕೂಡಿಸಿ ಓದಿದರೆ ಕೆಂಪಣಬೆ.

ಸ್ವೀಡನ್ನಿನ ಕಾರ್ಲ್ ಲಿನೇಯಸ್ 1753ರಲ್ಲಿ ಗಿಡಗಳಿಗೆಲ್ಲ ಎರಡು ಪದದ ಹೆಸರು ಕೊಡುವಾಗ ಈ ಚಿತ್ರವನ್ನೇ ಆಧಾರ ಮಾಡಿಕೊಂಡು 'ಏಜಿನೇಷಿಯಾ ಇಂಡಿಕಾ' ಎಂದ. ಗ್ರೀಸಿನ ಏಜಿನಾ ಎಂಬ ದ್ವೀಪದಲ್ಲಿ 7ನೆಯ ಶತಮಾನದಲ್ಲಿ ಪಾಲ್ ಎಂಬ ವೈದ್ಯನಿದ್ದ. ಮೊದಲ ಪದ ಅವನ ನೆನಪಿಗೆ. ಎರಡನೆಯದು ಭಾರತದ್ದು ಎನ್ನುವುದಕ್ಕೆ. ಮೊದಲ ಪದ ಕುಲದ ಹೆಸರು, ಎರಡನೆಯದು ಆ ಕುಲದ ಒಂದು ಪ್ರಭೇದದ ಹೆಸರು. ನಮ್ಮಲ್ಲಿ ಮನೆತನದ ಹೆಸರು ಮತ್ತು ಸ್ವಂತ ಹೆಸರು ಇದ್ದ ಹಾಗೆ. ಏಜಿನೇಷಿಯಾ ಕುಲ ದೊಡ್ಡದೇನಲ್ಲ, ಇದರಲ್ಲಿ ಬೆರಳೆಣಿಕೆಯ ಪ್ರಭೇದಗಳಷ್ಟೇ ಇವೆ. ಎಲ್ಲವೂ ಏಷ್ಯಾದ ಬಿಸಿ ಮತ್ತು ಮಳೆಯ ನಾಡುಗಳಲ್ಲಿ ಬೆಳೆಯುವಂಥವು. ಏಜಿನೇಷಿಯಾ ಇಂಡಿಕಾ ಭಾರತದಿಂದ ಜಪಾನಿನವರೆಗೆ ಹಬ್ಬಿದೆ.

ಜಪಾನಿನಲ್ಲಿ ಇದಕ್ಕೆ ಎರಡು ಹೆಸರು. ಒಂದು 'ನಾನ್‌ಬಾನ್ ಗಿಸೆರು', ಅಂದರೆ ದಕ್ಷಿಣದಿಂದ ಬಂದ ಪರಕೀಯರ ಹೊಗೆಕೊಳವೆ. ಆ ಪರಕೀಯರು ಮುಖ್ಯವಾಗಿ ಪೋರ್ಚುಗೀಸರು. ಬಾಗಿದ ಹೂವು, ಉದ್ದ ಕಡ್ಡಿ, ನಿಜಕ್ಕೂ ತಂಬಾಕು ಸೇದುವ ಕೊಳವೆಯ ಹಾಗೇ ಕಾಣುತ್ತದೆ. ಇನ್ನೊಂದು ಹೆಸರು ಇನ್ನೂ ಹಳೆಯದು, 'ಒಮೊಯಿಗುಸ'. ಯೋಚನೆಯ ಹುಲ್ಲು ಎಂದು ಅರ್ಥ. 8ನೆಯ ಶತಮಾನದ ಒಂದು ಕವಿತೆಯಲ್ಲಿ, ದಾರಿಬದಿಯ ಎತ್ತರದ ಹುಲ್ಲಿನ ಬುಡದಲ್ಲಿ ಇರುವ ಯೋಚನೆಯ ಹುಲ್ಲಿನ ಮಾತು ಬರುತ್ತದೆ. ಅದು ಇದೇ ಹೂವು ಎಂದು ಬಹಳ ಜನ ಗುರುತಿಸುತ್ತಾರೆ. ತಲೆ ತಗ್ಗಿಸಿ ಏನನ್ನೋ ಯೋಚಿಸುತ್ತ ನಿಂತವರ ಹಾಗೆ ಕಂಡಿರಬೇಕು. ಹುಲ್ಲಿನ ಬುಡದಲ್ಲಿ ಎಂದು ಅಷ್ಟು ಹಿಂದೆಯೇ ಗಮನಿಸಿ ಬರೆದದ್ದು ನನಗೆ ಬಹಳ ಹಿಡಿಸಿತು.

ಬುತ್ತಿಯಿಲ್ಲದ ಬೀಜ

ಈಗ ಮುಖ್ಯ ಪ್ರಶ್ನೆ. ಕಣ್ಣಿಲ್ಲದ, ನಡೆಯಲಾರದ ಬೀಜಕ್ಕೆ ಹುಲ್ಲಿನ ಬೇರು ಎಲ್ಲಿದೆ ಎಂದು ಹೇಗೆ ಗೊತ್ತಾಗುತ್ತದೆ?

ಒಂದು ಭತ್ತದ ಕಾಳು ಸುಲಿದು ನೋಡಿ. ಒಳಗಿನ ಅಕ್ಕಿ ಅಸಲಿಗೆ ನಮಗಾಗಿ ಇಟ್ಟದ್ದಲ್ಲ. ಮೊಳಕೆಗೆ ಎಲೆ ಬರುವವರೆಗೆ ಬೇಕೆಂದು ತಾಯಿಗಿಡ ಕಟ್ಟಿಕೊಟ್ಟ ಬುತ್ತಿ ಅದು. ತೆಂಗಿನಕಾಯಿಯ ಒಳಗಿನ ಕೊಬ್ಬರಿಯೂ ಹಾಗೇ. ಏಜಿನೇಷಿಯಾದ ಬೀಜದಲ್ಲಿ ಈ ಬುತ್ತಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಒಣಗಿದ ಕಾಯಿಯನ್ನು ಅಂಗೈ ಮೇಲೆ ತಟ್ಟಿದರೆ ಬೀಳುವುದು ಧೂಳು. ಆ ಧೂಳಿನ ಒಂದೊಂದು ಕಣವೂ ಒಂದೊಂದು ಬೀಜ. ಒಂದು ಕಾಯಿಯಲ್ಲಿ ಸಾವಿರಾರು ಇರುತ್ತವೆ.

ಬುತ್ತಿ ಇಲ್ಲದೆ ಹೊರಟವರು ಊಟದ ಮನೆ ಹತ್ತಿರ ಇದ್ದರೆ ಮಾತ್ರ ಹೊರಡಬೇಕು. ಬೀಜ ಮೊಳೆತ ಕೆಲವೇ ದಿನಗಳಲ್ಲಿ ಅದಕ್ಕೆ ಬೇರು ಸಿಗಬೇಕು. ಸಿಗದಿದ್ದರೆ ಅಲ್ಲಿಗೆ ಮುಗಿಯಿತು. ಹಾಗಾಗಿ ಇಂಥ ಬೀಜಗಳು ಸುಮ್ನೆ ಮಳೆ ಬಿತ್ತು ಎಂದು ಮೊಳೆಯುವುದಿಲ್ಲ. ಮಣ್ಣಿನಲ್ಲಿ ಮಲಗಿ ಕಾಯುತ್ತವೆ. ಹತ್ತಿರ ಆಶ್ರಯ ಗಿಡದ ಬೇರು ಬಂದಿದೆ ಎಂಬ ಸುಳಿವು ಸಿಕ್ಕಾಗ ಏಳುತ್ತವೆ.

ಆ ಸುಳಿವು ಏನು? ಬೇರುಗಳು ಮಣ್ಣಿಗೆ ಬಿಡುವ ರಾಸಾಯನಿಕ. ಇದನ್ನು ಚೆನ್ನಾಗಿ ಅಭ್ಯಾಸ ಮಾಡಿರುವುದು ಏಜಿನೇಷಿಯಾದ ಹತ್ತಿರದ ಸಂಬಂಧಿ ಸ್ಟ್ರೈಗಾ ಎಂಬ ಕಳೆಯಲ್ಲಿ. ಜೋಳದ ಹೊಲದಲ್ಲಿ ಬರುವ ಕಳೆ ಅದು. 1966ರಲ್ಲಿ ಅಮೆರಿಕದ ವಿಜ್ಞಾನಿಗಳು ಹತ್ತಿಯ ಬೇರು ಬಿಡುವ ರಸದಿಂದ ಒಂದು ವಸ್ತುವನ್ನು ಬೇರ್ಪಡಿಸಿದರು. ಲೆಕ್ಕಕ್ಕೇ ಸಿಗದಷ್ಟು ಕಡಿಮೆ ಇದ್ದರೂ ಸ್ಟ್ರೈಗಾ ಬೀಜ ಮೊಳೆಯುತ್ತಿತ್ತು. ಅದಕ್ಕೆ ಸ್ಟ್ರೈಗಾಲ್ ಎಂದು ಹೆಸರಿಟ್ಟರು. ಆಮೇಲೆ ಇಂಥವು ಹಲವು ಸಿಕ್ಕವು. ಇವಕ್ಕೆಲ್ಲ ಸೇರಿ ಸ್ಟ್ರೈಗೋಲ್ಯಾಕ್ಟೋನ್ ಎನ್ನುತ್ತಾರೆ.

ಇಲ್ಲಿ ಒಂದು ಗಂಟು ಇತ್ತು. ತನ್ನನ್ನು ಹೀರುವ ಗಿಡವನ್ನು ಎಬ್ಬಿಸುವ ವಸ್ತುವನ್ನು ಬೇರು ಯಾಕೆ ಮಣ್ಣಿಗೆ ಬಿಡಬೇಕು? ಸುಮಾರು ನಲವತ್ತು ವರ್ಷ ಇದಕ್ಕೆ ಉತ್ತರ ಇರಲಿಲ್ಲ. 2005ರಲ್ಲಿ ಜಪಾನಿನಿಂದ ಉತ್ತರ ಬಂತು. ಆ ವಸ್ತು ಅಸಲಿಗೆ ಕಳೆಗೆ ಕೊಟ್ಟ ಕರೆ ಅಲ್ಲ, ಶಿಲೀಂಧ್ರಕ್ಕೆ ಕೊಟ್ಟ ಕರೆ.

ಮಣ್ಣಿನಲ್ಲಿ ಬೇರುಗಳ ಜೊತೆ ಕೂಡಿ ಬಾಳುವ ಶಿಲೀಂಧ್ರಗಳಿವೆ. ಅವುಗಳ ಎಳೆಗಳು ಬೇರು ಮುಟ್ಟಲಾರದ ಕಡೆಗೂ ಹೋಗಿ ರಂಜಕವನ್ನು ತಂದುಕೊಡುತ್ತವೆ. ಬದಲಿಗೆ ಗಿಡ ಅವಕ್ಕೆ ಸಕ್ಕರೆ ಕೊಡುತ್ತದೆ. ಇದು ಕೊಟ್ಟು ತೆಗೆದುಕೊಳ್ಳುವ ಸಂಬಂಧ. ರಂಜಕ ಕಡಿಮೆಯಾದಾಗ ಬೇರು ಸ್ಟ್ರೈಗೋಲ್ಯಾಕ್ಟೋನನ್ನು ಜಾಸ್ತಿ ಬಿಟ್ಟು ಶಿಲೀಂಧ್ರವನ್ನು ಕರೆಯುತ್ತದೆ. ಪರಾವಲಂಬಿ ಗಿಡಗಳ ಬೀಜ ಈ ಕರೆಯನ್ನು ಪಕ್ಕದಲ್ಲಿ ಮಲಗಿ ಕೇಳಿಸಿಕೊಳ್ಳುತ್ತದೆ. ನೆಂಟರನ್ನು ಊಟಕ್ಕೆ ಕೂಗಿದ್ದು ದಾರಿಹೋಕರ ಕಿವಿಗೂ ಬಿದ್ದ ಹಾಗೆ. 2008ರಲ್ಲಿ ಇನ್ನೊಂದು ಸಂಗತಿ ತಿಳಿಯಿತು. ಗಿಡ ಎಷ್ಟು ಕವಲೊಡೆಯಬೇಕು ಎಂದು ನಿರ್ಧರಿಸುವ ಒಳಗಿನ ಹಾರ್ಮೋನಾಗಿಯೂ ಇದೇ ವಸ್ತು ಕೆಲಸ ಮಾಡುತ್ತದೆ. ಅಂದರೆ ಪರಾವಲಂಬಿಗೆ ಹೆದರಿ ಇದನ್ನು ಪೂರ್ತಿ ನಿಲ್ಲಿಸುವುದು ಗಿಡಕ್ಕೆ ಸುಲಭವಲ್ಲ.

ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ಗಿಡಕ್ಕೆ ದಕ್ಕುವ ರಂಜಕ ಕಡಿಮೆ. ಮಣ್ಣಿನ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅದನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತವೆ. ಬೇಣದ ಕೆಂಪು ನೆಲದ ಕೆಳಗೆ ಈ ಕರೆ, ಕೇಳಿಸಿಕೊಳ್ಳುವಿಕೆ ಎಷ್ಟು ನಡೆಯುತ್ತಿರಬಹುದು ಎಂದು ಯೋಚಿಸಿದರೆ ಹುಲ್ಲಿನ ಮೇಲೆ ಕಾಲಿಡುವಾಗಲೂ ನೆನಪಾಗುತ್ತದೆ.

ಹೀರುಬೇರು ಹೇಗೆ ಕೆಲಸ ಮಾಡುತ್ತದೆ

ಮೊಳೆತ ಬೀಜದ ಎಳೆ ಹುಲ್ಲಿನ ಬೇರನ್ನು ಮುಟ್ಟಿದ ಮೇಲೆ ಆ ಜಾಗ ಉಬ್ಬುತ್ತದೆ. ಇದಕ್ಕೆ ವಿಜ್ಞಾನದಲ್ಲಿ ಹಾಸ್ಟೋರಿಯಂ ಎನ್ನುತ್ತಾರೆ. ಹೀರುಬೇರು ಎಂದರೆ ಸುಲಭ. ಅದು ಮೊದಲು ಬೇರಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಅದರ ಜೀವಕೋಶಗಳು ಹುಲ್ಲಿನ ಬೇರಿನ ಕೋಶಗಳ ನಡುವೆ ಜಾಗ ಮಾಡಿಕೊಂಡು ಒಳಗೆ ಹೋಗುತ್ತವೆ. ಕೊನೆಗೆ ಕೊಳವೆಗಳನ್ನು ತಲುಪುತ್ತವೆ.

ತೋಟದಲ್ಲಿ ಪೈಪ್ ಹಾಕಿದವರಿಗೆ ಇದು ಬೇಗ ಅರ್ಥವಾಗುತ್ತದೆ. ದೊಡ್ಡ ಪೈಪಿಗೆ ತೂತು ಮಾಡಿ ಟೀ ಜೋಡಿಸಿ ಇನ್ನೊಂದು ಲೈನ್ ಎಳೆಯುತ್ತೇವಲ್ಲ, ಹಾಗೆ. ಆದರೆ ಇಲ್ಲಿ ಎರಡು ಪೈಪುಗಳೂ ಜೀವಂತ. ಒಂದು ಇನ್ನೊಂದಕ್ಕೆ ಹೊಂದಿಕೊಂಡು ಬೆಳೆಯಬೇಕು. ಜೋಡಣೆ ಕೂಡಿಬಂದರೆ ಮಾತ್ರ ಊಟ ಹರಿಯುತ್ತದೆ.

ಈ ಜೋಡಣೆಯಲ್ಲಿ ನೀರು, ಸಕ್ಕರೆಯಷ್ಟೇ ಅಲ್ಲ, ಬೇರೆಯವೂ ದಾಟುತ್ತವೆ. ಸ್ಟ್ರೈಗಾದ ಒಂದು ಪ್ರಭೇದದಲ್ಲಿ ಹುಲ್ಲಿನ ಜಾತಿಯಿಂದ ಬಂದ ಒಂದು ಜೀನ್ ಇದೆ ಎಂದು 2010ರಲ್ಲಿ ಕಂಡುಕೊಂಡರು. ತಂದೆತಾಯಿಯಿಂದ ಬಾರದೆ, ಊಟ ಕೊಟ್ಟವರಿಂದ ಬಂದ ಗುಣ ಅದು.

ಹೀಗೆ ಸೇರಿಕೊಂಡ ಏಜಿನೇಷಿಯಾ ಮಳೆಗಾಲದ ಬಹುಪಾಲು ನೆಲದೊಳಗೇ ಇರುತ್ತದೆ. ಮೇಲೆ ಏನೂ ಕಾಣುವುದಿಲ್ಲ. ಅದರ ಕಾಂಡ ಗಿಡ್ಡ, ಮಣ್ಣಿನಲ್ಲೇ ಅಡಗಿರುತ್ತದೆ. ಎಲೆಗಳು ಸಣ್ಣ ಚಕ್ಕೆಗಳಾಗಿ ಕುಗ್ಗಿಹೋಗಿವೆ. ನಾವು ಕಾಂಡ ಎಂದುಕೊಂಡ ಕೆಂಪು ಕಡ್ಡಿ ಅಸಲಿಗೆ ಹೂವಿನ ತೊಟ್ಟು! ಅದು ಒಂದು ಗೇಣಿನಷ್ಟು, ಕೆಲವೊಮ್ಮೆ ಇನ್ನೂ ಉದ್ದ ಇರುತ್ತದೆ. ಹೂವಿನ ಬುಡವನ್ನು ಒಂದೇ ಕಡೆ ಸೀಳಿದ, ದೋಣಿಯಂಥ ಹೊದಿಕೆ ಸುತ್ತಿರುತ್ತದೆ. ಅದರೊಳಗಿಂದ ಕೊಳವೆಯಂಥ ಹೂವು ಬಾಗಿ ಹೊರಗೆ ಬರುತ್ತದೆ.

ಕುಟುಂಬದ ಉಳಿದವರು

ಏಜಿನೇಷಿಯಾ ಸೇರುವುದು ಓರೊಬ್ಯಾಂಕೇಸಿ ಎಂಬ ಕುಟುಂಬಕ್ಕೆ. ಓರೊಬೊಸ್ ಎಂದರೆ ಗ್ರೀಕಿನಲ್ಲಿ ಒಂದು ಬಗೆಯ ಕಾಳಿನ ಬಳ್ಳಿ. ಹೆಸರಿನ ಉಳಿದರ್ಧಕ್ಕೆ ಕತ್ತು ಹಿಸುಕುವುದು ಎಂದು ಅರ್ಥ. ಸುಮಾರು 2,000 ಪ್ರಭೇದಗಳಿರುವ ದೊಡ್ಡ ಕುಟುಂಬ ಇದು. ಹೆಚ್ಚಿನವೆಲ್ಲ ಬೇರು ಹೀರುವಂಥವೇ.

ಈ ಕುಟುಂಬದಲ್ಲಿ ಎಲ್ಲ ಮೆಟ್ಟಿಲುಗಳೂ ಇರುವುದೇ ನನಗೆ ಅತಿ ಕುತೂಹಲದ ವಿಷಯ. ಹಳೆಯ ಕಲ್ಲುಗೋಡೆಯ ಸಂದಿಯಲ್ಲಿ ಹಳದಿ ಹೂ ಬಿಡುವ ಲಿಂಡೆನ್‌ಬರ್ಗಿಯಾ ಎಂಬ ಸಣ್ಣ ಗಿಡ ಈ ಕುಟುಂಬದ್ದೇ. ಆದರೆ ಅದು ಯಾರಿಂದಲೂ ಏನನ್ನೂ ತೆಗೆದುಕೊಳ್ಳುವುದಿಲ್ಲ. ಅಲ್ಲಿಂದ ಒಂದು ಮೆಟ್ಟಿಲು ಈಚೆ ಅರ್ಧ ಪರಾವಲಂಬಿಗಳು. ನಮ್ಮ ಮಳೆಗಾಲದ ಹುಲ್ಲಿನ ನಡುವೆ ಗುಲಾಬಿ ಹೂ ಬಿಡುವ ಸೋಪುಬಿಯಾ, ಉದ್ದ ಕೊಳವೆಯ ಬಿಳಿ ಹೂವಿನ ರಾಂಫಿಕಾರ್ಪಾ ಇಂಥವು. ಹಸಿರು ಎಲೆ ಇರುವುದರಿಂದ ನೋಡಿದವರಿಗೆ ಸಂಶಯವೇ ಬರುವುದಿಲ್ಲ. ಮಣ್ಣಿನ ಕೆಳಗೆ ಮಾತ್ರ ಪಕ್ಕದವರ ಬೇರಿಗೆ ಕೈ ಹಾಕಿರುತ್ತವೆ. ಸ್ಟ್ರೈಗಾವೂ ಅರ್ಧ ಪರಾವಲಂಬಿಯೇ, ಆದರೆ ಮೊಳೆತ ಮೇಲೆ ಹಲವು ವಾರ ನೆಲದೊಳಗೆ ಪೂರ್ತಿ ಆಶ್ರಯ ಗಿಡದ ಮೇಲೇ ಬದುಕುತ್ತದೆ. ಕೊನೆಯ ಮೆಟ್ಟಿಲಲ್ಲಿ ಏಜಿನೇಷಿಯಾ. ಘಟ್ಟದ 'ಗುರಿಗೆ' ಎಂಬ ಗಿಡಗಳ ಬೇರನ್ನು ಹಿಡಿದು ಬೆಳೆಯುವ ಕ್ರಿಸ್ಟಿಸೋನಿಯಾ ಕೂಡ ಅಲ್ಲೇ. ಅದಕ್ಕೂ ಹಸಿರಿಲ್ಲ.

ಒಲೆ ಹಚ್ಚದ ಮನೆಯಲ್ಲಿ ನಿಧಾನವಾಗಿ ಒಲೆಯ ಸಾಮಾನೆಲ್ಲ ಹೋಗುತ್ತದೆ. ಪೂರ್ಣ ಪರಾವಲಂಬಿಗಳಲ್ಲೂ ಹೀಗೇ ಆಗಿದೆ. ಪತ್ರಹರಿತ್ತಿನ ಕೆಲಸಕ್ಕೆ ಬೇಕಾದ ಜೀನ್‌ಗಳು ಒಂದೊಂದಾಗಿ ಕೆಟ್ಟು, ಕಳೆದುಹೋಗಿವೆ. ಹಾಗಾಗಿ ಬಿಸಿಲಿಗೆ ಇಟ್ಟರೂ, ಗೊಬ್ಬರ ಹಾಕಿದರೂ ಏಜಿನೇಷಿಯಾ ಹಸಿರಾಗುವುದಿಲ್ಲ.

ನಮ್ಮ ಬೆಳೆಗೆ ತೊಂದರೆ ಇದೆಯಾ?

ಕತ್ತಿ ಹಿಡಿದು ಹೊರಟವರ ಪ್ರಶ್ನೆ ಇದೇ ಆಗಿತ್ತು. ನ್ಯಾಯವಾದ ಪ್ರಶ್ನೆ.

ಏಜಿನೇಷಿಯಾಕ್ಕೆ ಆಶ್ರಯ ಮುಖ್ಯವಾಗಿ ಹುಲ್ಲಿನ ಕುಟುಂಬ. ಭತ್ತ, ಜೋಳ, ಕಬ್ಬು ಎಲ್ಲ ಅದೇ ಕುಟುಂಬದವು ಎನ್ನುವುದು ನಿಜ. ಜಪಾನಿನಲ್ಲಿ ಶುಂಠಿಯ ಬಂಧುವಾದ ಮ್ಯೋಗಾ ಎಂಬ ಗಿಡದ ಮೇಲೂ ಕಂಡಿದೆ. ಕಬ್ಬಿಗೆ ಇದರಿಂದ ತೊಂದರೆ ಆದದ್ದು ಫಿಲಿಪ್ಪೀನ್ಸ್, ತೈವಾನ್ ಕಡೆಗಳಲ್ಲಿ ದಾಖಲಾಗಿದೆ. ಬೇರಿನಿಂದ ಸಕ್ಕರೆ ಹೋದರೆ ಕಬ್ಬಿನಲ್ಲಿ ಉಳಿಯುವುದು ಕಡಿಮೆಯಾಗುತ್ತದೆ, ಅಷ್ಟು ಸರಳ. ಹಳಿಯಾಳದ ಕಡೆ ಕಬ್ಬು ಬೆಳೆಯುವವರು ಗದ್ದೆಯೊಳಗೇ ಈ ಹೂವು ಕಂಡರೆ ಕಾಯಿ ಕಟ್ಟುವ ಮೊದಲು ತೆಗೆಯುವುದು ಸರಿ.

ಆದರೆ ಬೇಣದ ಕತೆ ಬೇರೆ. ಅಲ್ಲಿ ಹತ್ತಾರು ಜಾತಿಯ ಹುಲ್ಲು ಕೂಡಿ ಬೆಳೆದಿರುತ್ತದೆ. ನಡುವೆ ಅಲ್ಲೊಂದು ಇಲ್ಲೊಂದು ಗುಂಪಾಗಿ ಏಜಿನೇಷಿಯಾ ಏಳುತ್ತದೆ. ದನಕ್ಕೆ ಕರಡ ಕೊಯ್ಯುವವರಿಗೆ ಅದರಿಂದ ಹುಲ್ಲು ಕಡಿಮೆಯಾಯಿತು ಎನಿಸುವುದೇ ಇಲ್ಲ. ಹುಲ್ಲನ್ನೆಲ್ಲ ಸಾಯಿಸಿದರೆ ಮುಂದಿನ ವರ್ಷ ಅದಕ್ಕೇ ಊಟವಿಲ್ಲ. ಇನ್ನು ಅಡಿಕೆ, ತೆಂಗು ಹುಲ್ಲಿನ ಕುಟುಂಬದವಲ್ಲ, ತಾಳೆಯ ಕುಟುಂಬದವು. ಸೊಪ್ಪಿನ ಬೆಟ್ಟದಲ್ಲಿ ಈ ಹೂವು ಕಂಡರೆ ತೋಟಕ್ಕೆ ಇಳಿಯಿತು ಎಂದು ಹೆದರಬೇಕಾಗಿಲ್ಲ.

ನಿಜವಾಗಿ ರೈತರನ್ನು ಕಾಡುವುದು ಇದರ ಸಂಬಂಧಿಗಳು. ಉತ್ತರ ಕರ್ನಾಟಕದ ಜೋಳ ಮತ್ತು ಕಬ್ಬಿಗೆ ಸ್ಟ್ರೈಗಾ, ಹುಣಸೂರು ಕಡೆಯ ತಂಬಾಕಿಗೆ ಓರೊಬ್ಯಾಂಕೆ. ಸ್ಟ್ರೈಗಾದ ಒಂದು ಗಿಡ ಹತ್ತಾರು ಸಾವಿರ ಬೀಜ ಕೊಡುತ್ತದೆ. ಅವು ಹತ್ತು ವರ್ಷಕ್ಕೂ ಜಾಸ್ತಿ ಮಣ್ಣಿನಲ್ಲಿ ಬದುಕಿರಬಲ್ಲವು. ಕಳೆ ನೆಲದ ಮೇಲೆ ಕಾಣುವ ಹೊತ್ತಿಗೆ ಹಾನಿ ಆಗಿಹೋಗಿರುತ್ತದೆ. ಕಿತ್ತು ಬಿಸಾಡಿದರೂ ಆ ವರ್ಷದ ಬೆಳೆಗೆ ದೊಡ್ಡ ಪ್ರಯೋಜನವಿಲ್ಲ. ನೀರು ನಿಂತ ಗದ್ದೆಯಲ್ಲಿ ಮಾತ್ರ ಸ್ಟ್ರೈಗಾ ಏಳಲಾರದು. ನಮ್ಮ ಕೆಸರುಗದ್ದೆಯ ಭತ್ತಕ್ಕೆ ಅದೊಂದು ರಕ್ಷಣೆ.

ಆದರೆ ಆಗಲೇ ಹೇಳಿದ ಕರೆಯ ಗುಟ್ಟೇ ರೈತರಿಗೆ ಆಯುಧವೂ ಆಯಿತು. ಹತ್ತಿಯ ಬೇರು ಸ್ಟ್ರೈಗಾ ಬೀಜವನ್ನು ಎಬ್ಬಿಸುತ್ತದೆ, ಆದರೆ ಹತ್ತಿಯನ್ನು ಹಿಡಿದು ಬದುಕಲು ಅದಕ್ಕೆ ಆಗುವುದಿಲ್ಲ. ಎದ್ದ ಮೊಳಕೆ ಊಟ ಸಿಗದೆ ಸಾಯುತ್ತದೆ. ಹಾಗಾಗಿ ಜೋಳದ ಬದಲು ನಡುವೆ ಇಂಥ ಬೆಳೆ ಹಾಕಿದರೆ ಮಣ್ಣಿನಲ್ಲಿ ಮಲಗಿದ ಬೀಜದ ಗಂಟು ಕರಗುತ್ತ ಬರುತ್ತದೆ. ಅಮೆರಿಕದ ಎರಡು ಕ್ಯಾರೊಲಿನಾ ರಾಜ್ಯಗಳಲ್ಲಿ 1956ರಲ್ಲಿ ಸ್ಟ್ರೈಗಾ ಕಂಡಾಗ ಮಣ್ಣಿಗೆ ಎಥಿಲೀನ್ ಅನಿಲ ಹಾಯಿಸಿದರು. ಹಣ್ಣು ಮಾಗಿಸುವ ಅದೇ ಅನಿಲ. ಆಶ್ರಯ ಗಿಡವೇ ಇಲ್ಲದ ಹೊತ್ತಿನಲ್ಲಿ ಬೀಜಗಳು ಮೊಳೆತು ಸತ್ತವು. ಇಥಿಯೋಪಿಯಾ ಮೂಲದ ವಿಜ್ಞಾನಿ ಗೆಬಿಸಾ ಎಜೆಟಾ ಇನ್ನೊಂದು ದಾರಿ ಹಿಡಿದರು. ಬೇರಿನಿಂದ ಈ ಕರೆಯನ್ನು ಕಡಿಮೆ ಬಿಡುವ ಜೋಳದ ತಳಿಗಳನ್ನು ಹುಡುಕಿ ಬೆಳೆಸಿದರು. ಆಫ್ರಿಕಾದ ಬಡ ರೈತರಿಗೆ ಅದು ದೊಡ್ಡ ಆಸರೆಯಾಯಿತು. 2009ರ ವಿಶ್ವ ಆಹಾರ ಪ್ರಶಸ್ತಿ ಅವರಿಗೆ ಬಂತು.

ಕಿತ್ತರೆ ಕಪ್ಪಾಗುವುದು ಯಾಕೆ?

ಹುಡುಗರು ಒಂದು ಹೂವನ್ನು ಕಿತ್ತು ಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದರು. ಮನೆಗೆ ಬರುವಷ್ಟರಲ್ಲಿ ಅದು ಕಪ್ಪಾಗಿತ್ತು. ವಿಷ ಇರಬೇಕು ಎಂದು ಹೆದರಿ ಕೈ ತೊಳೆದದ್ದೇ ತೊಳೆದದ್ದು.

ಕಾರಣ ಆಕ್ಯುಬಿನ್ ಎಂಬ ವಸ್ತು. ಹೂವು ನಲುಗಿದಾಗ ಕೋಶಗಳು ಒಡೆದು ಇದು ಬದಲಾಗಿ ಕಪ್ಪು ಬಣ್ಣ ಬರುತ್ತದೆ. ಹೆಚ್ಚಿದ ಬದನೆಕಾಯಿ, ಬಾಳೆಕಾಯಿ ಕಪ್ಪಾಗುತ್ತದಲ್ಲ, ವಸ್ತು ಬೇರೆಯಾದರೂ ನೋಡಲು ಹಾಗೇ. ಥಾಯ್ಲೆಂಡಿನಲ್ಲಿ ಈ ಕಪ್ಪನ್ನೇ ಅಡುಗೆಗೆ ಬಳಸುತ್ತಾರೆ. ಅಲ್ಲಿ ಇದರ ಹೆಸರು 'ದೋಕ್ ದಿನ್', ಅಂದರೆ ಮಣ್ಣಿನ ಹೂವು. ಇದನ್ನು ಅರೆದು ಅಕ್ಕಿಹಿಟ್ಟು, ತೆಂಗಿನಕಾಯಿ, ಬೆಲ್ಲದ ಜೊತೆ ಕಲಸಿ ಕಪ್ಪು ಬಣ್ಣದ ಸಿಹಿ ಮಾಡುತ್ತಾರೆ. ಪದಾರ್ಥಗಳನ್ನು ಕೇಳಿದರೆ ನಮ್ಮ ಅಡುಗೆಮನೆಯದೇ ಅನಿಸುತ್ತದೆ. ಆದರೆ ಅದು ಅಲ್ಲಿಯವರು ತಲೆಮಾರುಗಳಿಂದ ಗುರುತಿಸಿ ಬಳಸಿಕೊಂಡು ಬಂದದ್ದು. ಫೋಟೊ ನೋಡಿ ಗುರುತು ಹಿಡಿದು ಇಲ್ಲಿ ಯಾರೂ ತಿಂದು ನೋಡುವುದು ಬೇಡ. ಮದ್ದು ಎಂದು ಬರುವ ಸಂದೇಶಗಳನ್ನು ನಂಬಿ ಕಷಾಯ ಮಾಡುವುದಂತೂ ಬೇಡವೇ ಬೇಡ.

ತಂದು ಮನೆಯಲ್ಲಿ ನೆಡಬಹುದಾ?

ಅತ್ತಿಗೆ ಕೇಳಿದ ಪ್ರಶ್ನೆ ಇದು. ಅಂಗಳದ ಹೂಕುಂಡಗಳ ಸಾಲಿನಲ್ಲಿ ಇದನ್ನೂ ಇಡುವ ಆಸೆ ಅವರದು.

ಅಗೆದು ತಂದರೆ ಬದುಕುವುದಿಲ್ಲ. ಗುದ್ದಲಿ ತಾಗಿದ ಕ್ಷಣವೇ ಹೀರುಬೇರಿನ ಜೋಡಣೆ ಹರಿಯುತ್ತದೆ. ಅದರ ಜೊತೆಗೆ ಊಟವೂ ನಿಲ್ಲುತ್ತದೆ. ಎಷ್ಟು ಒಳ್ಳೆಯ ಮಣ್ಣು, ಎಷ್ಟು ಗೊಬ್ಬರ ಕೊಟ್ಟರೂ ಉಪಯೋಗವಿಲ್ಲ, ಅವನ್ನು ಊಟವಾಗಿಸುವ ಒಲೆ ಅದಕ್ಕಿಲ್ಲ.

ದಾರಿ ಒಂದಿದೆ. ಜಪಾನಿನಲ್ಲಿ ಇದನ್ನು ಕುಂಡದಲ್ಲಿ ಬೆಳೆಸುವ ಹವ್ಯಾಸಿಗಳಿದ್ದಾರೆ. ಅವರು ಬೆಳೆಸುವುದು ಮೊದಲು ಹುಲ್ಲನ್ನು. ಹುಲ್ಲು ಬೇರೂರಿದ ಮೇಲೆ ಅದರ ಬುಡದ ಮಣ್ಣು ಸ್ವಲ್ಪ ಕೆದಕಿ, ಬೇರುಗಳ ಹತ್ತಿರ ಬೀಜದ ಧೂಳನ್ನು ಉದುರಿಸುತ್ತಾರೆ. ಆಮೇಲೆ ಕುಂಡದಲ್ಲಿ ಹುಲ್ಲಷ್ಟೇ ಕಾಣುತ್ತಿರುತ್ತದೆ. ಎಲ್ಲ ಕೂಡಿಬಂದರೆ ಮಳೆಯ ಕೊನೆಯಲ್ಲಿ ಒಂದು ಕೆಂಪು ಕಡ್ಡಿ ಏಳುತ್ತದೆ.

ಬೇಣದಲ್ಲಿ ಹೂವು ಬಾಡಿ ಕಾಯಿ ಒಣಗುವುದು ದೀಪಾವಳಿಯ ಆಸುಪಾಸಿಗೆ. ಕರಡ ಕೊಯ್ಯುವ ಕಾಲವೂ ಅದೇ. ಕತ್ತಿ ಹಿಡಿದಿದ್ದವರು ಈ ಸಲ ಆ ಮೂಲೆಯ ಹುಲ್ಲನ್ನು ಎರಡು ವಾರ ತಡವಾಗಿ ಕೊಯ್ಯುತ್ತೇನೆ ಎಂದಿದ್ದಾರೆ. ಅತ್ತಿಗೆಗೆ ಒಂದು ಕಾಯಿ ಸಾಕು. ಕುಂಡಕ್ಕೆ ಅದೇ ಬೇಣದ ಹುಲ್ಲನ್ನು ಬುಡ ಸಮೇತ ಈಗಲೇ ತಂದು ನೆಟ್ಟಿದ್ದಾರೆ.